ಧೋಬಿ ಪಛಾಡ್: ಒಗೆಯುವ ಕಲ್ಲಿನಿಂದ ಅಖಾಡಕ್ಕೆ, ಅಖಾಡದಿಂದ ತಲೆಬರಹಕ್ಕೆ

ಚುನಾವಣೆಯ ಫಲಿತಾಂಶ ಹೊರಬಿದ್ದ ಮರುದಿನ ಹಿಂದಿ ಪತ್ರಿಕೆಗಳನ್ನು ತಿರುವಿದರೆ ಒಂದಲ್ಲ ಒಂದು ಪುಟದಲ್ಲಿ 'ಧೋಬಿ ಪಛಾಡ್' ಎಂಬ ಪದ ಕಣ್ಣಿಗೆ ಬೀಳುವುದುಂಟು. ಸೋತವನು ದೊಡ್ಡ ನಾಯಕನಾಗಿದ್ದು, ಗೆದ್ದವನು ನಿನ್ನೆ ಮೊನ್ನೆ ಕಣಕ್ಕಿಳಿದವನಾಗಿದ್ದರಂತೂ ಈ ಪದ ತಪ್ಪುವುದಿಲ್ಲ. ಹಿಂದಿ ವಾಹಿನಿಗಳಿಂದ ಅದು ಇತರ ಭಾಷೆಗಳ ವರದಿಗಾರಿಕೆಗೂ ಹರಿದಿದೆ. ಪದವನ್ನು ಕೇಳಿದವರಿಗೆ ಯಾರೋ ಯಾರನ್ನೋ ಬಲವಾಗಿ ಕೆಡವಿದರು ಎಂಬಷ್ಟು ಅರ್ಥವಾಗುತ್ತದೆ. ಆದರೆ ಕೆಡವುವುದಕ್ಕೂ ಬಟ್ಟೆ ಒಗೆಯುವವನಿಗೂ ಏನು ಸಂಬಂಧ, ಕುಸ್ತಿಯಲ್ಲಿ ಕೆಡವುವ ವಿಧಾನಗಳು ನೂರಾರು ಇರುವಾಗ ಈ ಒಂದಕ್ಕೆ ಮಾತ್ರ ಈ ಹೆಸರು ಏಕೆ ಬಂತು ಎಂಬ ಪ್ರಶ್ನೆ ಸಾಮಾನ್ಯವಾಗಿ ಏಳುವುದಿಲ್ಲ. ಉತ್ತರ ತಿಳಿಯಬೇಕಾದರೆ ಮೊದಲು ಆ ಪಟ್ಟನ್ನೇ ನಿಧಾನವಾಗಿ ನೋಡಬೇಕು.

ಪಟ್ಟು ನಡೆಯುವ ಬಗೆ

ಇಬ್ಬರು ಪೈಲ್ವಾನರು ಎದುರುಬದುರಾಗಿ ನಿಂತು, ಹಣೆಗೆ ಹಣೆ ತಾಗಿಸಿ, ಒಬ್ಬರ ಕುತ್ತಿಗೆಯ ಹಿಂದೆ ಇನ್ನೊಬ್ಬರು ಕೈ ಹಾಕಿ ತಳ್ಳಾಡುತ್ತಿದ್ದಾರೆ ಎಂದುಕೊಳ್ಳೋಣ. ಒಬ್ಬನು ಮೈಭಾರವನ್ನೆಲ್ಲ ಮುಂದಕ್ಕೆ ಹಾಕಿ ಒತ್ತುತ್ತಾನೆ. ಇನ್ನೊಬ್ಬನು ಕಾಯುತ್ತಿರುವುದು ಆ ಕ್ಷಣಕ್ಕಾಗಿಯೇ. ಅವನು ಎದುರಾಳಿಯ ಒಂದು ತೋಳನ್ನು ಮಣಿಕಟ್ಟಿನ ಬಳಿ ಮತ್ತು ಭುಜದ ಕೆಳಗೆ ಭದ್ರವಾಗಿ ಹಿಡಿದು, ಕಾಲಿನ ಮೇಲೆ ಗಿರಕ್ಕನೆ ತಿರುಗಿ, ತನ್ನ ಬೆನ್ನನ್ನು ಎದುರಾಳಿಯ ಎದೆಗೆ ಕೊಡುತ್ತಾನೆ. ತಿರುಗುವಾಗಲೇ ಮಂಡಿಗಳನ್ನು ಬಗ್ಗಿಸಿ ಸೊಂಟವನ್ನು ಎದುರಾಳಿಯ ಸೊಂಟಕ್ಕಿಂತ ಕೆಳಗೆ ಇಳಿಸುತ್ತಾನೆ. ಹಿಡಿದ ತೋಳು ಈಗ ಅವನ ಭುಜದ ಮೇಲಿಂದ ಮುಂದಕ್ಕೆ ಚಾಚಿರುತ್ತದೆ. ಮುಂದಿನದು ಒಂದೇ ಉಸಿರಿನ ಕೆಲಸ. ಮಂಡಿ ನೇರವಾಗುತ್ತದೆ, ಬೆನ್ನು ಬಾಗುತ್ತದೆ, ತೋಳು ಕೆಳಕ್ಕೆ ಎಳೆಯಲ್ಪಡುತ್ತದೆ. ಎದುರಾಳಿಯ ಪಾದಗಳು ನೆಲ ಬಿಟ್ಟು, ಅವನ ದೇಹ ಭುಜದ ಮೇಲಿನಿಂದ ಅರ್ಧವೃತ್ತ ಬರೆದು, ಬೆನ್ನಡಿಯಾಗಿ ಮುಂದೆ ಬಂದು ಬೀಳುತ್ತದೆ.

ಈಗ ಹೊಳೆಯ ದಂಡೆಗೆ ಅಥವಾ ಕೆರೆಯ ತೂಬಿನ ಬಳಿಗೆ ಬರೋಣ. ಅಗಸನು ನೆನೆದ ಬಟ್ಟೆಯನ್ನು ಹಗ್ಗದಂತೆ ತಿರುಚಿ, ಒಂದು ತುದಿಯನ್ನು ಎರಡೂ ಕೈಗಳಲ್ಲಿ ಹಿಡಿದು, ಭುಜದ ಹಿಂದಕ್ಕೆ ಬೀಸಿ, ಮುಂದಿರುವ ಹಾಸುಗಲ್ಲಿನ ಮೇಲೆ ಅಪ್ಪಳಿಸುತ್ತಾನೆ. ನೀರು ಕುಡಿದ ಕಂಬಳಿಯೋ ಜಮಖಾನೆಯೋ ಆಗಿದ್ದರೆ ಅದನ್ನು ಕೈಬಲದಿಂದ ಮಾತ್ರ ಎತ್ತಲಾಗದು. ಸೊಂಟ ಬಾಗಬೇಕು, ಮಂಡಿ ಬಗ್ಗಿ ಏಳಬೇಕು, ಬೆನ್ನು ಆನಿಕೆಯಾಗಬೇಕು. ಕುಸ್ತಿಯ ಪಟ್ಟಿನಲ್ಲಿ ಎದುರಾಳಿಯ ತೋಳು ಬಟ್ಟೆಯ ಹಿಡಿದ ತುದಿ, ಅವನ ಮುಂಡ ಬಟ್ಟೆಯ ಉಳಿದ ಭಾಗ, ಮಟ್ಟಿಯ ನೆಲ ಒಗೆಯುವ ಕಲ್ಲು. ಹೋಲಿಕೆ ಮೇಲುನೋಟದ್ದಲ್ಲ. ಎರಡೂ ಕಡೆ ಭಾರವನ್ನು ಎತ್ತುವುದು ತೋಳಲ್ಲ, ಸೊಂಟ ಮತ್ತು ಕಾಲು. ತೋಳಿನ ಕೆಲಸ ಎಳೆದು ದಿಕ್ಕು ಕೊಡುವುದಷ್ಟೆ. ಹೊಸದಾಗಿ ಕಲಿಯುವ ಹುಡುಗರು ತೋಳಿನಿಂದ ಎತ್ತಲು ಹೋಗಿ ಸೋಲುತ್ತಾರೆ. ಪಟ್ಟಿನ ಹೆಸರನ್ನು ಸರಿಯಾಗಿ ಕೇಳಿಸಿಕೊಂಡಿದ್ದರೆ ಅರ್ಧ ಪಾಠ ಅಲ್ಲೇ ಮುಗಿದಿರುತ್ತಿತ್ತು.

ಇನ್ನೊಂದು ಸೂಕ್ಷ್ಮವೂ ಇದೆ. ಅಗಸನು ಬಟ್ಟೆಯನ್ನು ಕಲ್ಲಿಗೆ ಬಡಿದರೂ ಹಿಡಿದ ತುದಿಯನ್ನು ಬಿಡುವುದಿಲ್ಲ. ಬಿಟ್ಟರೆ ಬಟ್ಟೆ ಹೊಳೆಯ ಪಾಲು. ಒಳ್ಳೆಯ ಪೈಲ್ವಾನನೂ ತೋಳನ್ನು ಬಿಡುವುದಿಲ್ಲ. ಅದಕ್ಕೆ ಎರಡು ಕಾರಣಗಳಿವೆ. ತೋಳು ಕೈಯಲ್ಲಿದ್ದರೆ ಬಿದ್ದವನು ಹೊರಳಿ ತಪ್ಪಿಸಿಕೊಳ್ಳಲಾರ, ಅವನ ಎರಡೂ ಭುಜಗಳನ್ನು ನೆಲಕ್ಕೆ ಒತ್ತುವುದು ಸುಲಭ. ಎರಡನೆಯದಾಗಿ, ಹಿಡಿದ ತೋಳು ಬೀಳುವವನ ವೇಗವನ್ನು ಕೊನೆಯ ಕ್ಷಣದಲ್ಲಿ ತಡೆದು, ಅವನ ತಲೆ ಮೊದಲು ನೆಲಕ್ಕೆ ಬಡಿಯದಂತೆ ಕಾಯುತ್ತದೆ. ತೋಳು ಬಿಟ್ಟು ಎಸೆದರೆ ಕುತ್ತಿಗೆಗೂ ಭುಜದ ಕೀಲಿಗೂ ಅಪಾಯ. ವಿಡಿಯೊ ನೋಡಿ ಶಾಲೆಯ ಅಂಗಳದಲ್ಲಿ, ಸಿಮೆಂಟಿನ ನೆಲದ ಮೇಲೆ ಈ ಪಟ್ಟನ್ನು ಪ್ರಯೋಗಿಸುವ ಮಕ್ಕಳಿಗೆ ಈ ಮಾತು ತಿಳಿದಿರುವುದಿಲ್ಲ. ಎಣ್ಣೆ, ಮಜ್ಜಿಗೆ, ಅರಿಶಿನ ಬೆರೆಸಿ ದಿನವೂ ಅಗೆದು ಹದಗೊಳಿಸಿದ ಗರಡಿಯ ಕೆಮ್ಮಣ್ಣು ಬೀಳುವವನನ್ನು ಹೇಗೆ ತಾಳಿಕೊಳ್ಳುತ್ತದೆಯೋ ಹಾಗೆ ಸಿಮೆಂಟು ತಾಳಿಕೊಳ್ಳದು.

ಒಂದು ಮಾತು, ಎರಡು ಕೆಲಸ

ಈ ಪಟ್ಟಿಗೆ ಹಿಂದಿ ಪ್ರದೇಶದಲ್ಲಿ ಎರಡು ಹೆಸರುಗಳಿವೆ. 'ಧೋಬಿ ಪಛಾಡ್' ಒಂದು, 'ಧೋಬಿ ಪಾಟ್' ಇನ್ನೊಂದು. 'ಪಾಟ್' ಎಂದರೆ ಹಲಗೆ ಅಥವಾ ಹಾಸುಗಲ್ಲು, ಬಟ್ಟೆ ಒಗೆಯುವ ಕಲ್ಲಿಗೂ ಅದೇ ಹೆಸರು. 'ಪಛಾಡ್‌ನಾ' ಎಂಬ ಕ್ರಿಯಾಪದಕ್ಕೆ ಎದುರಾಳಿಯನ್ನು ಬೆನ್ನಡಿ ಕೆಡವು, ಸೋಲಿಸು ಎಂಬ ಅರ್ಥಗಳು ಎಲ್ಲರಿಗೂ ಗೊತ್ತು. ಹಿಂದಿ ನಿಘಂಟುಗಳು ಅದಕ್ಕೆ ಮತ್ತೊಂದು ಅರ್ಥವನ್ನೂ ಕೊಡುತ್ತವೆ: ಬಟ್ಟೆಯನ್ನು ಕಲ್ಲಿಗೆ ಬಡಿದು ಒಗೆ. ಕೆಡವುವ 'ಪಛಾಡ್' ಹಿಂದು, ಹಿಂಬದಿ ಎಂಬ ಅರ್ಥದ ಮಾತಿನಿಂದ ಬಂದದ್ದು, ಒಗೆಯುವ 'ಪಛಾಡ್' ಸಂಸ್ಕೃತದ 'ಪ್ರಕ್ಷಾಲನ'ಕ್ಕೆ ಸೇರಿದ್ದು ಎಂಬುದು ನಿಘಂಟುಕಾರರ ವಿವರಣೆ. ಎರಡು ಬೇರುಗಳಿಂದ ಹೊರಟ ಮಾತುಗಳು ಸವೆದು ಸವೆದು ಒಂದೇ ರೂಪಕ್ಕೆ ಬಂದಿವೆ. ಆ ರೂಪವನ್ನು ಅಖಾಡದವರು ಒಂದು ಪಟ್ಟಿಗೆ ಇಟ್ಟರು, ಎರಡೂ ಅರ್ಥಗಳು ಅದರಲ್ಲಿ ಸೇರಿಹೋದವು.

ಕನ್ನಡದಲ್ಲಿ ಇದು ಇನ್ನೂ ಸಲೀಸು. 'ಒಗೆ' ಎಂಬ ಮಾತಿಗೆ ಬಟ್ಟೆಯನ್ನು ಕಲ್ಲಿಗೆ ಬಡಿದು ಶುಚಿ ಮಾಡು ಎಂಬ ಅರ್ಥವಿದೆ, ಎಸೆ ಎಂಬ ಅರ್ಥವೂ ಇದೆ. ದಕ್ಷಿಣ ಕರ್ನಾಟಕದ ನಗರಗಳಲ್ಲಿ ಎರಡನೆಯ ಅರ್ಥ ಬಹುಮಟ್ಟಿಗೆ ಮರೆತುಹೋಗಿದೆ. ಆದರೆ ಧಾರವಾಡದಲ್ಲೋ ವಿಜಯಪುರದಲ್ಲೋ 'ಕಲ್ಲು ಒಗಿಬ್ಯಾಡ' ಎಂದರೆ ಕಲ್ಲನ್ನು ತೊಳೆಯಬೇಡ ಎಂದು ಯಾರೂ ತಿಳಿಯುವುದಿಲ್ಲ. ಹಿಂದಿಯ ಹೆಸರನ್ನು ಕನ್ನಡಕ್ಕೆ ತರಬೇಕೆಂದಿದ್ದರೆ 'ಅಗಸನ ಒಗೆತ' ಎಂದರೆ ಸಾಕು. ಎರಡೂ ಅರ್ಥಗಳು ಕುಂದಿಲ್ಲದೆ ಬರುತ್ತವೆ. ಹೀಗಿದ್ದೂ ಕನ್ನಡ ವರದಿಗಾರಿಕೆ ಹಿಂದಿಯ ಪದವನ್ನೇ ಇಟ್ಟುಕೊಂಡಿರುವುದು ಅಭ್ಯಾಸಬಲದಿಂದ ಎನ್ನಬೇಕು.

ಹೆಸರಿನ ಜೊತೆಗೆ ಬರುವ ಸಾಮಾನ್ಯ ಪದಗಳ ಕಥೆಯೂ ಹೀಗೆಯೇ. ಹಿಂದಿಯವರು ಕುಸ್ತಿಯ ತಂತ್ರಕ್ಕೆ 'ದಾಂವ್' ಎನ್ನುತ್ತಾರೆ, ಮರಾಠಿಯವರು 'ಡಾವ್'. ಬೆಳಗಾವಿ ಸೀಮೆಯ ಕುಸ್ತಿಯ ಮಾತಿಗೆ ಅದು ಮರಾಠಿಯ ಕಡೆಯಿಂದ ಬಂದಿದೆ. ಹಿಂದಿಯಲ್ಲಿ ಜೂಜಿನ ಪಣಕ್ಕೂ 'ದಾಂವ್' ಎಂದೇ ಹೆಸರು. ಪಟ್ಟು ಹಾಕುವವನು ಏನನ್ನೋ ಪಣಕ್ಕಿಡುತ್ತಾನೆ ಎಂಬ ಸೂಚನೆ ಅದರಲ್ಲಿದೆ. ಕನ್ನಡದ 'ಪಟ್ಟು' ಹಿಡಿತವನ್ನು ಹೇಳುತ್ತದೆ. ಅಲ್ಲಿಂದ ಮುಂದೆ 'ಪಟ್ಟು ಹಿಡಿದು ಕುಳಿತರು', 'ಪಟ್ಟು ಸಡಿಲಿಸಿದರು', 'ಬಿಗಿಪಟ್ಟು' ಎಂದೆಲ್ಲ ಹಟವನ್ನು ಸೂಚಿಸುವ ಪದವಾಗಿ ಬೆಳೆದಿದೆ. ಸಚಿವ ಸಂಪುಟ ವಿಸ್ತರಣೆಯ ಒಂದು ಸುದ್ದಿಯನ್ನಾದರೂ ಈ ಪದವಿಲ್ಲದೆ ಬರೆಯಲು ಕನ್ನಡ ಪತ್ರಕರ್ತನಿಗೆ ಸಾಧ್ಯವೇ ಎಂಬುದು ಅನುಮಾನ.

ದುಡಿಮೆಯಿಂದ ಬಂದ ಹೆಸರುಗಳು

ಕುಸ್ತಿಯ ಪಟ್ಟಿಗೆ ದಿನನಿತ್ಯದ ದುಡಿಮೆಯಿಂದ ಹೆಸರು ಕೊಡುವುದು ಇತ್ತೀಚಿನ ರೂಢಿಯಲ್ಲ. ಮಹಾಭಾರತದ ಸಭಾಪರ್ವದಲ್ಲಿ ಭೀಮ ಮತ್ತು ಜರಾಸಂಧರ ಮಲ್ಲಯುದ್ಧದ ವರ್ಣನೆ ಬರುತ್ತದೆ. ಅಲ್ಲಿ ಹೆಸರಿಸಿರುವ ಪಟ್ಟುಗಳಲ್ಲಿ 'ತೃಣಪೀಡ' ಎಂಬುದೊಂದು. ಹುಲ್ಲನ್ನೋ ನಾರನ್ನೋ ಹಗ್ಗಕ್ಕಾಗಿ ಹೊಸೆಯುವಂತೆ ಎದುರಾಳಿಯ ಕೈಕಾಲುಗಳನ್ನು ತಿರುಚುವುದು ಎಂದು ಅದನ್ನು ವಿವರಿಸಲಾಗಿದೆ. ಹಗ್ಗ ಹೊಸೆಯುವವನ ಕೈಚಳಕವನ್ನು ರಾಜರಿಬ್ಬರ ಕಾಳಗದಲ್ಲಿ ಕವಿ ಕಂಡಿದ್ದಾನೆ. ಅದೇ ಮಹಾಕಾವ್ಯದ ಶಾಂತಿಪರ್ವದಲ್ಲಿ ಕರ್ಣನು ಜರಾಸಂಧನ ಮೇಲೆ 'ಬಾಹುಕಂಟಕ' ಎಂಬ ವಿಧಾನವನ್ನು ಪ್ರಯೋಗಿಸಿದ ಪ್ರಸ್ತಾಪವಿದೆ. ಆ ಹೆಸರಿನಲ್ಲಿ ದುಡಿಮೆಯಿಲ್ಲ, ಮುಳ್ಳಿದೆ.

ಕರ್ನಾಟಕದ ಮಟ್ಟಿಗೆ ಹೇಳುವುದಾದರೆ, ಕಲ್ಯಾಣದಿಂದ, ಎಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಿಂದ, ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ 'ಮಲ್ಲವಿನೋದ' ಎಂಬ ಭಾಗವೇ ಇದೆ. ಮಲ್ಲರ ದರ್ಜೆಗಳು, ಅವರ ಆಹಾರ, ಅಭ್ಯಾಸ, ಸ್ಪರ್ಧೆಯ ಏರ್ಪಾಡು ಎಲ್ಲವೂ ಅಲ್ಲಿ ಬಂದಿವೆ. ಮೇಲ್ದರ್ಜೆಯ ಮಲ್ಲನಿಗೆ ಅದು ಕೊಡುವ ಹೆಸರು 'ಜ್ಯೇಷ್ಠಿಕ'. ಕನ್ನಡದ 'ಜಟ್ಟಿ'ಯ ಮೂಲವನ್ನು ವಿದ್ವಾಂಸರು 'ಜ್ಯೇಷ್ಠಿ' ಎಂಬ ಪದದಲ್ಲಿ ಗುರುತಿಸುತ್ತಾರೆ. ಮೈಸೂರು ದಸರೆಯ ವಿಜಯದಶಮಿಯಂದು ಅರಮನೆಯ ಆವರಣದಲ್ಲಿ ವಜ್ರಮುಷ್ಟಿ ಕಾಳಗಕ್ಕೆ ಇಳಿಯುವ ಜಟ್ಟಿಗಳ ಕುಲದ ಹೆಸರೂ ಅದೇ.

ಇಂದು ಅಖಾಡಗಳಲ್ಲಿ ಕೇಳಿಬರುವ ಹೆಸರುಗಳನ್ನು ಗಮನಿಸಿದರೆ ಬೇರೆ ಬೇರೆ ದಾರಿಗಳಿಂದ ಬಂದವು ಒಟ್ಟಿಗೆ ಕುಳಿತಿರುವುದು ಕಾಣುತ್ತದೆ. 'ಮುಲ್ತಾನಿ', 'ಇರಾನಿ' ಎಂಬುವು ಊರು, ನಾಡುಗಳ ಹೆಸರು ಹೊತ್ತಿವೆ. 'ಬಗಲ್ ಡೂಬ್' ಎಂದರೆ ಕಂಕುಳಡಿಯಲ್ಲಿ ಮುಳುಗು ಎಂದು, ಅಲ್ಲಿ ನಡೆಯುವುದೂ ಅಷ್ಟೇ. ಮರಾಠಿಯ 'ಮೋಳಿ'ಯಲ್ಲಿ ಎದುರಾಳಿಯನ್ನು ಕಟ್ಟಿಗೆಯ ಹೊರೆಯಂತೆ ಕಟ್ಟಿಬಿಡುತ್ತಾರೆ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕಂಚಿನ ಪದಕ ಗೆದ್ದು, ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ತಂದ ಖಾಶಾಬಾ ಜಾಧವ್ ಅವರು 'ಢಾಕ್' ಎಂಬ ಪಟ್ಟಿನಲ್ಲಿ ಪಳಗಿದವರೆಂದು ಹೆಸರಾಗಿದ್ದರು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಯೋಗೇಶ್ವರ್ ದತ್ ಅವರು ಉತ್ತರ ಕೊರಿಯಾದ ಎದುರಾಳಿಯ ಕಣಕಾಲುಗಳನ್ನು ಹೆಣೆದು ಹಿಡಿದು ಮತ್ತೆ ಮತ್ತೆ ಉರುಳಿಸಿ ಕಂಚು ಗೆದ್ದಾಗ 'ಫಿತಲೇ' ಎಂಬ ಪದ ರಾತ್ರೋರಾತ್ರಿ ದೇಶದ ಮನೆಮನೆಗೆ ತಲುಪಿತು. ಒಂದು ಪಟ್ಟಿನ ಹೆಸರಿಗೆ ಇಂಥ ಅದೃಷ್ಟ ಬರುವುದು ಅಪರೂಪ.

ಧೋಬಿ ಪಛಾಡಿನ ತತ್ತ್ವವನ್ನು ಬಲ್ಲವರು ಭಾರತೀಯರು ಮಾತ್ರವಲ್ಲ. ಜಪಾನಿನ ಜೂಡೊದಲ್ಲಿ 'ಸೆಯೊಯಿ ನಗೆ' ಎಂಬ ಎಸೆತವಿದೆ. ಬೆನ್ನ ಮೇಲೆ ಹೊತ್ತು ಎಸೆಯುವುದು ಎಂಬುದೇ ಆ ಮಾತಿನ ಅರ್ಥ. ಒಂದು ತೋಳನ್ನು ಹಿಡಿದು ಮಾಡುವ ಅದರ ಪ್ರಕಾರಕ್ಕೂ ಧೋಬಿ ಪಛಾಡಿಗೂ ಹೆಚ್ಚು ವ್ಯತ್ಯಾಸವಿಲ್ಲ. ಜೂಡೊ ಆಟಗಾರನಿಗೆ ಹಿಡಿಯಲು ಎದುರಾಳಿಯ ಅಂಗಿಯ ತೋಳು ಸಿಗುತ್ತದೆ, ಪೈಲ್ವಾನನಿಗೆ ಬೆವರಿದ ಬರಿಮೈ ಮಾತ್ರ. ಮಟ್ಟಿಯ ಮಣ್ಣನ್ನು ಕೈಗೂ ಎದುರಾಳಿಯ ಮೈಗೂ ಸವರುವ ರೂಢಿಗೆ ಇದೂ ಒಂದು ಕಾರಣ. ಇಂಗ್ಲಿಷಿನ ಹಳೆಯ ಕುಸ್ತಿ ಪರಿಭಾಷೆಯಲ್ಲಿ ಇಂಥ ಎಸೆತಕ್ಕೆ 'ಫ್ಲೈಯಿಂಗ್ ಮೇರ್', ಅಂದರೆ ಹಾರುವ ಹೆಣ್ಣುಕುದುರೆ ಎಂಬ ಹೆಸರಿದೆ. ಜಪಾನಿಯರು ದೇಹದ ಅಂಗವನ್ನು ನೋಡಿದರು, ಇಂಗ್ಲಿಷರು ಪ್ರಾಣಿಯನ್ನು ಕಂಡರು, ಗಂಗಾ ಬಯಲಿನವರಿಗೆ ಘಾಟಿನಲ್ಲಿ ದುಡಿಯುವ ಮನುಷ್ಯ ನೆನಪಾದ.

ಮಣ್ಣಿನಿಂದ ಮ್ಯಾಟಿಗೆ

ಹಾಗಾದರೆ ದೂರದರ್ಶನದಲ್ಲಿ ಒಲಿಂಪಿಕ್ಸ್ ಕುಸ್ತಿ ನೋಡುವವರಿಗೆ ಈ ಪಟ್ಟು ಅಷ್ಟಾಗಿ ಕಾಣಸಿಗುವುದಿಲ್ಲವೇಕೆ? ನಿಯಮಗಳು ಅದನ್ನು ನಿಷೇಧಿಸಿಲ್ಲ. ಸೊಂಟದ ಕೆಳಗೆ ಹಿಡಿಯುವಂತಿಲ್ಲದ ಗ್ರೀಕೊ-ರೋಮನ್ ಶೈಲಿಯಲ್ಲೂ ಅದಕ್ಕೆ ಅವಕಾಶವಿದೆ. ನಿಂತ ನಿಲುವಿನಿಂದ ಎದುರಾಳಿಯನ್ನು ನೇರವಾಗಿ ಬೆನ್ನಡಿಯಾಗಿ ಎಸೆದರೆ ನಾಲ್ಕು ಅಂಕ, ಎಸೆತ ಎತ್ತರವೂ ವಿಶಾಲವೂ ಆಗಿದ್ದರೆ ಐದು ಅಂಕ. ಆಕರ್ಷಣೆ ಸಾಕಷ್ಟಿದೆ. ಅಡ್ಡಿಯಾಗಿರುವುದು ಪಟ್ಟಿನ ಒಳಗೇ ಇರುವ ಅಪಾಯ.

ಧೋಬಿ ಪಛಾಡ್ ಹಾಕುವವನು ಎದುರಾಳಿಗೆ ಬೆನ್ನು ಕೊಡಬೇಕು. ಕುಸ್ತಿಯಲ್ಲಿ ಬೆನ್ನು ಕೊಡುವುದೆಂದರೆ ಮನೆಯ ಬೀಗದ ಕೈ ಕೊಟ್ಟಂತೆ. ತಿರುಗುವುದು ಅರೆಗಳಿಗೆ ತಡವಾದರೂ, ಸೊಂಟ ನಾಲ್ಕು ಬೆರಳು ಮೇಲೆ ಉಳಿದರೂ ಎದುರಾಳಿ ತನ್ನ ಸೊಂಟ ಇಳಿಸಿ, ಹಿಂದಿನಿಂದ ನಡು ಹಿಡಿದು ಕೆಳಗೆ ಕೂರಿಸುತ್ತಾನೆ. ಮ್ಯಾಟ್ ಕುಸ್ತಿಯಲ್ಲಿ ಅದಕ್ಕೆ ಎರಡು ಅಂಕ. ಮೂರು ಮೂರು ನಿಮಿಷಗಳ ಎರಡು ಸುತ್ತುಗಳಲ್ಲಿ ಮುಗಿಯುವ ಪಂದ್ಯದಲ್ಲಿ ಎರಡಂಕ ಸಣ್ಣದಲ್ಲ, ಎಷ್ಟೋ ಪಂದ್ಯಗಳು ಅಷ್ಟರಲ್ಲೇ ನಿರ್ಧಾರವಾಗುತ್ತವೆ. ಆದ್ದರಿಂದ ತರಬೇತುದಾರರು ಕಾಲಿಗೆ ನುಗ್ಗುವ ದಾಳಿಯನ್ನು ಮೊದಲು ಕಲಿಸುತ್ತಾರೆ. ಅದು ವಿಫಲವಾದರೂ ನಷ್ಟ ಕಡಿಮೆ. ನಾಡಕುಸ್ತಿಯಲ್ಲಿ ಲೆಕ್ಕವೇ ಬೇರೆ. ಸಾಂಪ್ರದಾಯಿಕ ಮಟ್ಟಿಯ ಕುಸ್ತಿಯಲ್ಲಿ ಅಂಕಗಳಿಲ್ಲ. ಬೆನ್ನು ನೆಲಕ್ಕೆ ತಾಗಿದರೆ ಸೋಲು, ತಾಗದಿದ್ದರೆ ಕುಸ್ತಿ ನಡೆಯುತ್ತಲೇ ಇರುತ್ತದೆ. ಪಟ್ಟು ತಪ್ಪಿ ಬೆನ್ನು ಕೊಟ್ಟವನು ಮಂಡಿಯೂರಿ, ಮಣ್ಣಿಗೆ ಅಂಟಿ, ಉಸಿರು ಕಟ್ಟಿ ಕುಳಿತು ಮತ್ತೆ ಎದ್ದುಬರಬಹುದು. ಒಂದು ತಪ್ಪಿಗೆ ದಂಡ ತೆರಬೇಕಾದ ಆಟದಲ್ಲಿ ಜನ ಸಾಹಸಕ್ಕೆ ಹೋಗುವುದಿಲ್ಲ. ಕುಸ್ತಿಯ ಅಂಕಪದ್ಧತಿ ಬದಲಾದಂತೆ ಪಟ್ಟುಗಳ ಬಳಕೆಯೂ ಬದಲಾಗಿದೆ.

ಪಟ್ಟಿನ ಜೊತೆಗೆ ಅದರ ಹೆಸರೂ ಹಿಂದೆ ಸರಿಯುತ್ತದೆ. ಮ್ಯಾಟಿನ ಮೇಲೆ ತೀರ್ಪುಗಾರನು ಕೈಬೆರಳು ಎತ್ತಿ ಎರಡು, ನಾಲ್ಕು, ಐದು ಎಂದು ತೋರಿಸುತ್ತಾನೆ. ಏನು ನಡೆಯಿತು ಎಂಬುದಕ್ಕೆ ಹೆಸರು ಬೇಕಿಲ್ಲ, ಸಂಖ್ಯೆ ಸಾಕು. ಗರಡಿಯಲ್ಲಿ ಹಾಗಲ್ಲ. ಉಸ್ತಾದರು ಮಟ್ಟಿಯ ಅಂಚಿನಲ್ಲಿ ಕುಳಿತು ಒಂದು ಹೆಸರು ಕೂಗಿದರೆ ಹುಡುಗನ ಮೈಯಿಡೀ ಆ ಹೆಸರಿಗೆ ಓಗೊಡುತ್ತದೆ. ಬನಾರಸಿನ ಅಖಾಡಗಳ ಬದುಕನ್ನು ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞ ಜೋಸೆಫ್ ಆಲ್ಟರ್ ಅವರ 1992ರ ಗ್ರಂಥ ಪೈಲ್ವಾನನ ದೇಹವನ್ನೇ ವಿಷಯವಾಗಿ ಮಾಡಿಕೊಂಡಿರುವುದು ಸುಮ್ಮನಲ್ಲ. ಅಲ್ಲಿ ವಿದ್ಯೆ ಇರುವುದು ಪುಸ್ತಕದಲ್ಲಲ್ಲ, ಮೈಯಲ್ಲಿ. ಆ ಮೈಯನ್ನು ಎಬ್ಬಿಸುವ ಸಾಧನ ಹೆಸರು. ಅಗಸನು ಒಗೆಯುವುದನ್ನು ದಿನವೂ ಕಂಡ ಹುಡುಗನಿಗೆ 'ಧೋಬಿ ಪಛಾಡ್' ಎಂದರೆ ಬೇರೆ ವಿವರಣೆ ಬೇಕಾಗಿರಲಿಲ್ಲ. ಬಟ್ಟೆಯನ್ನು ಯಂತ್ರದೊಳಗೆ ಹಾಕಿ ಗುಂಡಿ ಒತ್ತುವ ಮನೆಯಲ್ಲಿ ಬೆಳೆದ ಹುಡುಗನಿಗೆ ಆ ಹೆಸರು ಬರಿಯ ಶಬ್ದ. ಬೆಂಗಳೂರಿನ ಮಲ್ಲೇಶ್ವರದ ದೋಬಿ ಘಾಟನ್ನೋ ಮುಂಬಯಿಯ ಮಹಾಲಕ್ಷ್ಮಿಯ ಘಾಟನ್ನೋ ಒಮ್ಮೆ ನೋಡಿದವರಿಗೆ ಮಾತ್ರ ಅದರೊಳಗಿನ ಚಿತ್ರ ಉಳಿದಿರುತ್ತದೆ.

ಸಿನಿಮಾ ಈ ನಷ್ಟವನ್ನು ಸ್ವಲ್ಪಮಟ್ಟಿಗೆ ತುಂಬಿದೆ. 2016ರಲ್ಲಿ ತೆರೆಕಂಡ ಸಲ್ಮಾನ್ ಖಾನ್ ಅಭಿನಯದ 'ಸುಲ್ತಾನ್' ಚಿತ್ರದ ನಾಯಕನ ಮೆಚ್ಚಿನ ಪಟ್ಟು ಇದೇ. ಚಿತ್ರ ನೋಡಿ ಬಂದ ನಗರದ ಮಕ್ಕಳಿಗೆ ಪಟ್ಟಿನ ಹೆಸರು ಗೊತ್ತಾಯಿತು, ಧೋಬಿ ಗೊತ್ತಾಗಲಿಲ್ಲ.

ರಾಜಕೀಯದ ಮಟ್ಟಿಯಲ್ಲಿ

ಕುಸ್ತಿಯ ಪಟ್ಟಿನ ಹೆಸರು ರಾಜಕಾರಣಿಯೊಬ್ಬರಿಗೆ ಶಾಶ್ವತವಾಗಿ ಅಂಟಿಕೊಂಡ ಉದಾಹರಣೆ ಮುಲಾಯಂ ಸಿಂಗ್ ಯಾದವ್ ಅವರದು. ಎತಾವಾ ಜಿಲ್ಲೆಯ ಸೈಫೈ ಗ್ರಾಮದ ಅವರು ಯೌವನದಲ್ಲಿ ಪೈಲ್ವಾನರು, ಅನಂತರ ಶಾಲಾ ಶಿಕ್ಷಕರು. 1967ರಲ್ಲಿ ಜಸ್ವಂತನಗರದಿಂದ ವಿಧಾನಸಭೆಗೆ ಬಂದರು. ಮೂರು ಬಾರಿ ಉತ್ತರ ಪ್ರದೇಶದ ಮುಖ್ಯಮಂತ್ರಿಯಾದರು, ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿದ್ದಾಗ ರಕ್ಷಣಾ ಸಚಿವರಾಗಿದ್ದರು. ಅಖಾಡದಲ್ಲಿ ಅವರ ಮೆಚ್ಚಿನ ಪಟ್ಟು 'ಚರಖಾ ದಾಂವ್' ಎಂಬುದು ಪ್ರಸಿದ್ಧ. ನೂಲುವ ರಾಟೆಯಂತೆ ಎದುರಾಳಿಯನ್ನು ಗಿರಕಿ ಹೊಡೆಸಿ ಕೆಡವುವುದು ಅದರ ಕ್ರಮ. ರಾಜಕೀಯದಲ್ಲಿ ಅವರು ಅನಿರೀಕ್ಷಿತ ಹೆಜ್ಜೆ ಇಟ್ಟಾಗಲೆಲ್ಲ ಪತ್ರಿಕೆಗಳು 'ಚರಖಾ ದಾಂವ್' ಎಂದು ಬರೆದವು. 2022ರ ಅಕ್ಟೋಬರ್ 10ರಂದು ಅವರು ನಿಧನರಾದಾಗ ಬಂದ ಶ್ರದ್ಧಾಂಜಲಿ ಬರಹಗಳಲ್ಲೂ ಆ ರಾಟೆ ತಿರುಗಿತು.

ಆದರೆ ಎಲ್ಲ ಪ್ರಸಂಗಗಳೂ ಒಂದೇ ಪಟ್ಟಲ್ಲ. 2012ರ ಜೂನ್‌ನಲ್ಲಿ ರಾಷ್ಟ್ರಪತಿ ಚುನಾವಣೆಗೆ ಮುನ್ನ ಮಮತಾ ಬ್ಯಾನರ್ಜಿ ಅವರ ಜೊತೆ ನಿಂತು ಅಬ್ದುಲ್ ಕಲಾಂ, ಮನಮೋಹನ್ ಸಿಂಗ್, ಸೋಮನಾಥ ಚಟರ್ಜಿ ಅವರ ಹೆಸರುಗಳನ್ನು ಮುಂದಿಟ್ಟ ಮುಲಾಯಂ, ಕೆಲವೇ ದಿನಗಳಲ್ಲಿ ತಿರುಗಿ ಪ್ರಣವ್ ಮುಖರ್ಜಿ ಅವರ ಪರ ನಿಂತರು. ಇದನ್ನು ಚರಖಾ ಎನ್ನಬಹುದು, ಜೊತೆಗಿದ್ದವರಿಗೆ ತಲೆ ಸುತ್ತಿದ್ದು ಸುಳ್ಳಲ್ಲ. 1999ರ ಏಪ್ರಿಲ್‌ನ ಪ್ರಸಂಗ ಬೇರೆ. ವಾಜಪೇಯಿ ಸರ್ಕಾರ ಒಂದೇ ಮತದಿಂದ ಉರುಳಿದ ಮೇಲೆ ಸೋನಿಯಾ ಗಾಂಧಿ ಅವರು 272 ಸದಸ್ಯರ ಬೆಂಬಲದ ಮಾತಾಡಿ ಮುಂದೆ ಬಂದರು. ಮುಲಾಯಂ ಬೆಂಬಲ ನಿರಾಕರಿಸಿದರು, ಲೋಕಸಭೆ ವಿಸರ್ಜನೆಯಾಯಿತು. ಇಲ್ಲಿ ಎದುರಾಳಿಯನ್ನು ಕೆಡವಿದ್ದು ಅವರದೇ ಮುನ್ನುಗ್ಗುವಿಕೆ. ಪಟ್ಟಿನ ಹೆಸರನ್ನು ಕಟ್ಟುನಿಟ್ಟಾಗಿ ಬಳಸುವುದಾದರೆ ಇದು ಧೋಬಿ ಪಛಾಡ್.

ಪದವನ್ನು ಬಳಸುವವರು ಗಮನಿಸಬೇಕಾದ ಅಂಶ ಇದೇ. ಧೋಬಿ ಪಛಾಡ್ ಎಂದರೆ ಭಾರಿ ಸೋಲು ಎಂದಲ್ಲ. ಒಂದು ಲಕ್ಷ ಮತಗಳ ಅಂತರದ ಗೆಲುವು ಬರಿಯ ಬಲಪ್ರದರ್ಶನ ಆಗಿರಬಹುದು, ಅದಕ್ಕೆ ಈ ಹೆಸರು ಒಪ್ಪುವುದಿಲ್ಲ. ಮುಂದಕ್ಕೆ ಒತ್ತಿಬಂದವನ ಭಾರವನ್ನೇ ಬೆನ್ನಿಗೆ ತೆಗೆದುಕೊಂಡು, ತಾನು ಬಾಗಿ, ಕ್ಷಣಕಾಲ ತನ್ನ ಬೆನ್ನನ್ನೇ ಅಪಾಯಕ್ಕೊಡ್ಡಿ ಕೆಡವಿದರೆ ಮಾತ್ರ ಅದು ಧೋಬಿ ಪಛಾಡ್. ಎದುರಾಳಿ ಸುಮ್ಮನೆ ನಿಂತಿದ್ದರೆ ಈ ಪಟ್ಟು ಬೀಳುವುದೇ ಇಲ್ಲ. ನಿಂತ ಕಂಬವನ್ನು ಯಾರೂ ಒಗೆಯಲಾರರು.

ಇನ್ನೊಂದು ತಕರಾರು ಏಳುವುದು ಸಹಜ. ಹೆಸರಿನಲ್ಲಿ ಕುಲಕಸುಬಿನ ಗುರುತಿದೆ. ಅಗಸನ ಬಗ್ಗೆ ನಮ್ಮ ಕಥೆ, ಗಾದೆಗಳು ಆಡಿರುವ ಮಾತುಗಳು ಗೌರವದವಲ್ಲ. ಸೀತೆಯ ಮೇಲೆ ಅಪವಾದ ಹೊರಿಸಿದವನನ್ನು ಅಗಸ ಮಾಡಿದ್ದು ಜನಪ್ರಿಯ ರಾಮಕಥೆ, ಅವನ ಕತ್ತೆಯನ್ನು ನಗೆಪಾಟಲು ಮಾಡಿದ್ದು ಗಾದೆ. 'ಮಡಿ' ಮಾಡಿಕೊಡುವವನನ್ನೇ ಮಡಿಯಿಂದ ದೂರ ಇಟ್ಟ ಸಮಾಜ ಇದು. 12ನೆಯ ಶತಮಾನದ ಶರಣ ಮಡಿವಾಳ ಮಾಚಿದೇವರು ಆ ಕಾಯಕವನ್ನೇ ಹೆಸರಿನಲ್ಲಿ ಧರಿಸಿ ನಿಂತದ್ದು ಈ ಹಿನ್ನೆಲೆಯಲ್ಲಿ. ಹಾಗಿರುವಾಗ ಪತ್ರಿಕೆಯ ತಲೆಬರಹದಲ್ಲಿ 'ಧೋಬಿ' ಎಂಬ ಮಾತು ಸೋಲಿನ ಅವಮಾನದ ಜೊತೆ ಬಂದಾಗ ಕೇಳುವವರಿಗೆ ಚುಚ್ಚಿದರೆ ಆಶ್ಚರ್ಯವಿಲ್ಲ. ಆದರೆ ಪಟ್ಟಿನ ಒಳಗೆ ನೋಡಿದರೆ ಧೋಬಿ ಸೋಲುವವನಲ್ಲ, ಎಸೆಯುವವನು. ಅಖಾಡ ಅವನನ್ನು ಹಾಸ್ಯಕ್ಕೆ ಕರೆತಂದಿಲ್ಲ, ಸೊಂಟ ಹೇಗೆ ಇಳಿಸಬೇಕು, ಭಾರ ಹೇಗೆ ಹೊರಬೇಕು ಎಂದು ತೋರಿಸುವ ಗುರುವಾಗಿ ನಿಲ್ಲಿಸಿದೆ. ದಿನವಿಡೀ ಒದ್ದೆ ಬಟ್ಟೆ ಎತ್ತಿ ಬಡಿದು ನಡುನೋವು, ಭುಜನೋವು ತಂದುಕೊಳ್ಳುವ ದುಡಿಮೆಗೆ ಭಾಷೆಯಲ್ಲಿ ಸಿಕ್ಕಿರುವ ಮನ್ನಣೆಗಳಲ್ಲಿ ಇದು ಅಪರೂಪದ್ದು. ಪದವನ್ನು ಬಿಡಬೇಕಿಲ್ಲ, ಬಳಸುವಾಗ ಧೋಬಿ ಯಾವ ಪಕ್ಷದಲ್ಲಿದ್ದಾನೆ ಎಂಬುದು ನೆನಪಿರಬೇಕು.

ಇದೇ ಮಾತಿನ ಎಳೆ ಹಿಡಿದರೆ ಕನ್ನಡ ತಲೆಬರಹಗಳ ಇನ್ನೊಂದು ರೂಢಿಯೂ ಕಣ್ಣಿಗೆ ಬೀಳುತ್ತದೆ. ಸೋತವರಿಗೆ 'ಮಣ್ಣು ಮುಕ್ಕಿಸಿದರು' ಎಂದು ಬರೆಯುವುದು ವಾಡಿಕೆ. ಕುಸ್ತಿಯ ಲೆಕ್ಕದಲ್ಲಿ ಮಣ್ಣು ಮುಕ್ಕಿದವನು ಸೋತಿಲ್ಲ. ಬೋರಲು ಬಿದ್ದವನ ಬಾಯಿಗೆ ಮಣ್ಣು ಹೋಗುತ್ತದೆ, ಬೋರಲು ಬಿದ್ದವನ ಕುಸ್ತಿ ಇನ್ನೂ ಮುಗಿದಿರುವುದಿಲ್ಲ. ಸೋಲು ಎಂದರೆ ಚಿತ್, ಅಂದರೆ ಬೆನ್ನಡಿ ಬೀಳುವುದು. ಧೋಬಿ ಪಛಾಡಿಗೆ ಸಿಕ್ಕವನು ಬೀಳುವುದು ಹಾಗೆಯೇ. ಮುಖ ಆಕಾಶಕ್ಕೆ, ಬೆನ್ನು ಮಣ್ಣಿಗೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆಯನ್ನು ಸೋತರೂ ಒಪ್ಪದವನ ಜಂಭಕ್ಕೆ ಹೇಳುತ್ತಾರೆ. ಆ ಜಟ್ಟಿ ಹೇಳಿದ್ದು ನಿಜವೇ. ಮೀಸೆ ಮಣ್ಣಾಗಿದ್ದರೆ ಅವನಿಗೆ ಇನ್ನೂ ಅವಕಾಶ ಇರುತ್ತಿತ್ತು.